ಸವರಿಮುತ್ತುವಿನ ಮಾತಾಡುವ ಕನ್ನಡಕ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಕಣ್ಣಿನ ಕೇಂದ್ರದ ಶಟರ್‌ ಬೀಗ ಕೈಕೊಟ್ಟಿತು. ಬೀಗದ ಕೈ ಒಳಗೆ ಹೋಗುತ್ತದೆ, ತಿರುಗಲೊಲ್ಲದು. ಬೀಗಕ್ಕೇ ಹೆಸರಾದ ದಿಂಡಿಗಲ್ಲಿನಲ್ಲಿ, ಅದೂ ಮನೆಗೊಬ್ಬ ಬೀಗ ಮಾಡುವವನಿರುವ ನಾಗಲ್‌ನಗರದಲ್ಲಿ ಇಂಥ ಅವಮಾನ! ಕಟ್ಟೆಯ ಮೇಲೆ ಆಗಲೇ ಹನ್ನೆರಡು ಜನ ಕೂತಿದ್ದರು. ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಎಣ್ಣೆ ಬಿಡಬೇಕೆಂದು ಒಬ್ಬರು, ಒದೆಯಬೇಕೆಂದು ಇನ್ನೊಬ್ಬರು. ಕೊನೆಗೆ ಎದುರಿನ ಇಸ್ತ್ರಿ ಅಂಗಡಿಯವಳು ಕೂಗಿ ಹೇಳಿದಳು: "ಪೂಂಗೊಡೀ, ಸುಮ್ನೆ ಯಾಕೆ ಒದ್ದಾಡ್ತೀಯಾ? ಸವರಿಮುತ್ತು ಅವರನ್ನ ಕರಿ. ಆ ಕೈಗೆ ತೆರೀದಿರೋ ಬೀಗ ಇಲ್ಲ."

ಪೂಂಗೊಡಿ ಎಂದರೆ ನಾನೇ. ಡಾಕ್ಟರಲ್ಲ. ಹನ್ನೆರಡನೇ ತರಗತಿ ಮುಗಿಸಿ, ಮಧುರೆಯ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ತರಬೇತಿ ಪಡೆದು, ಈ ಕೇಂದ್ರದಲ್ಲಿ ಕಣ್ಣು ಪರೀಕ್ಷಿಸುತ್ತೇನೆ. ನಾನು ನೋಡಿ ಬರೆದದ್ದನ್ನು ಮಧುರೆಯಲ್ಲಿ ಕೂತ ಡಾಕ್ಟರ್‌ ಮೀನಲೋಚನಿ ಕಂಪ್ಯೂಟರಿನಲ್ಲಿ ನೋಡುತ್ತಾರೆ, ರೋಗಿಯ ಜೊತೆ ಅಲ್ಲಿಂದಲೇ ಮಾತಾಡುತ್ತಾರೆ. ಅರ್ಧ ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋಗಲಾರದವರಿಗೆ ನಮ್ಮದೇ ಆಸ್ಪತ್ರೆ.

ಸವರಿಮುತ್ತು ಬಂದರು. ಅರವತ್ತು ದಾಟಿದ ಮನುಷ್ಯ, ಮಡಚಿ ಕಟ್ಟಿದ ಬಿಳಿ ಪಂಚೆ, ಹಿತ್ತಾಳೆಯ ಪುಡಿ ಹತ್ತಿ ಹೊಂಬಣ್ಣವಾದ ಬೆರಳುಗಳು. ಶಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಗಕ್ಕೆ ಕಿವಿ ಇಟ್ಟರು. ಒಂದು ತಂತಿಯ ತುಂಡನ್ನು ಒಳಗೆ ತೂರಿಸಿ, ಮಗುವಿನ ಜೊತೆ ಮಾತಾಡುವ ಹಾಗೆ "ಹೂಂ, ಹೂಂ, ಅಲ್ಲೇನು ನೋವು?" ಎಂದು ಗೊಣಗಿದರು. ಎರಡೇ ನಿಮಿಷಕ್ಕೆ ಬೀಗ ತೆರೆದುಕೊಂಡಿತು.

ಕಟ್ಟೆಯ ಮೇಲಿದ್ದವರು ಹೋ ಎಂದರು. ನಾನು ಮಾತ್ರ ಬೇರೆಯದನ್ನು ಗಮನಿಸುತ್ತಿದ್ದೆ. ಅಷ್ಟು ಹೊತ್ತೂ ಅವರು ಬೀಗವನ್ನು ನೇರವಾಗಿ ನೋಡಿರಲಿಲ್ಲ. ನೋಡಬೇಕಾದಾಗಲೆಲ್ಲ ಮುಖವನ್ನು ಪಕ್ಕಕ್ಕೆ ಹೊರಳಿಸಿ ಕಣ್ಣಂಚಿನಿಂದ ನೋಡುತ್ತಿದ್ದರು. ದೃಷ್ಟಿಯ ನಡುಭಾಗ ಮಸುಕಾದವರು ಹಾಗೆ ನೋಡುತ್ತಾರೆ.

"ದೊಡ್ಡಪ್ಪ, ಒಳಗೆ ಬಂದು ಒಂದು ನಿಮಿಷ ಕೂತ್ಕೊಳ್ಳಿ. ಕಣ್ಣಿನ ಫೋಟೋ ತೆಗೀತೀನಿ," ಎಂದೆ.

"ಯಾಕಮ್ಮಾ, ಮದುವೆಗೆ ಗಂಡು ನೋಡ್ತಿದ್ದೀಯಾ?"

ನಗೆಯಲ್ಲೇ ತಪ್ಪಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಆ ವರ್ಷವಷ್ಟೇ ನಮಗೊಂದು ಹೊಸ ಕ್ಯಾಮೆರಾ ಬಂದಿತ್ತು. ಗಲ್ಲ ಇಟ್ಟು ಕೂತರೆ ಕಣ್ಣೊಳಗಿನ ಪರದೆಯ ಚಿತ್ರ ತೆಗೆಯುತ್ತದೆ. ಲಕ್ಷಗಟ್ಟಲೆ ಕಣ್ಣುಗಳ ಚಿತ್ರ ನೋಡಿ ಕಲಿತ ಯಂತ್ರ, ಸಕ್ಕರೆ ಕಾಯಿಲೆ ಕಣ್ಣಿಗೆ ತಗುಲಿದೆಯೋ ಇಲ್ಲವೋ ಎಂದು ಒಂದು ನಿಮಿಷದೊಳಗೆ ಹೇಳಿಬಿಡುತ್ತದೆ. ತೊಂದರೆ ಇಲ್ಲದಿದ್ದರೆ ಹಸಿರು, ಇದ್ದರೆ ಕೆಂಪು. ಸವರಿಮುತ್ತು ಅವರ ಎರಡು ಕಣ್ಣಿಗೂ ಕೆಂಪು ಬಂತು. ಚಿತ್ರದಲ್ಲಿ ನನಗೇ ಕಾಣುತ್ತಿತ್ತು: ರಕ್ತದ ಚುಕ್ಕೆಗಳು, ಮೇಣದಂಥ ಹಳದಿ ಕಲೆಗಳು.

"ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ದೊಡ್ಡಪ್ಪ?"

"ಇದೆ ಅಂತ ಯಾರೋ ಹೇಳಿದ್ರು. ಹತ್ತು ವರ್ಷ ಆಗಿರಬೇಕು."

"ಮಾತ್ರೆ?"

"ನೆನಪಾದಾಗ."

ಡಾಕ್ಟರ್‌ ಮೀನಲೋಚನಿ ಕಂಪ್ಯೂಟರಿನ ಪರದೆಯ ಮೇಲೆ ಬಂದು, ಈ ವಾರವೇ ಮಧುರೆಗೆ ಬರಬೇಕು, ತಡಮಾಡಿದರೆ ಇರುವುದೂ ಹೋಗುತ್ತದೆ ಎಂದು ನೇರವಾಗಿ ಹೇಳಿದರು. ಸವರಿಮುತ್ತು ಒಪ್ಪಿದಂತೆ ತಲೆ ಅಲ್ಲಾಡಿಸಿದರು. ಡಾಕ್ಟರ ಮುಖ ಮರೆಯಾದ ಕೂಡಲೇ ನನ್ನ ಕೈ ಹಿಡಿದುಕೊಂಡರು.

"ಕಣ್ಣೂ, ನಮ್ಮನೆಯವಳಿಗೆ ಹೇಳಬೇಡ." ನಮ್ಮ ಊರಲ್ಲಿ ಮುದ್ದಿನವರನ್ನೆಲ್ಲ 'ಕಣ್ಣು' ಎಂದೇ ಕರೆಯುವುದು. ಆದರೂ ಆ ಹೊತ್ತಿನಲ್ಲಿ ಆ ಮಾತು ಕೇಳಿ ನನಗೆ ಒಂಥರಾ ಆಯಿತು. "ಒಂದು ವರ್ಷದಿಂದ ಮಸುಕು. ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಮೇರಿ ಮಾತಾವಿನ ಕೋಯಿಲಿಗೆ, ಚರ್ಚಿನ ಬಾಗಿಲ ತನಕ ಮಂಡಿಯೂರಿಕೊಂಡೇ ಹೋಗ್ತಾಳೆ. ಅವಳ ಮಂಡಿ ಮೊದಲೇ ಸರಿ ಇಲ್ಲ."

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬುಧವಾರ ಮಧ್ಯಾಹ್ನ ಅವರ ಹೆಂಡತಿ ಲೂರ್ದಮ್ಮಾಳ್‌ ಬಿಸಿಲಲ್ಲಿ ಬುಸುಗುಡುತ್ತಾ ಕೇಂದ್ರಕ್ಕೇ ಬಂದರು. ಗುಂಡಗಿನ ಮೈ, ಕೊರಳಲ್ಲಿ ಜಪಮಣಿ, ಎಡಗೈಯಲ್ಲಿ ಮಡಚಿದ ಕೊಡೆ.

"ನಮ್ಮ ಮನುಷ್ಯನಿಗೆ ಏನಮ್ಮಾ ಹೇಳಿ ಕಳಿಸಿದೆ? ಎರಡು ದಿನದಿಂದ ಸಕ್ಕರೆ ಇಲ್ಲದ ಕಾಫಿ ಕುಡೀತಿದಾರೆ. ಮುಖ ನೋಡಿದ್ರೆ ಬೇವಿನ ಕಷಾಯ ಕುಡಿದ ಹಾಗಿರುತ್ತೆ. ಕಣ್ಣಿನ ವಿಷಯ ತಾನೆ?"

ನಾನು ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸತೊಡಗಿದೆ. ಅವರು ಬೆಂಚಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು.

"ನೀನು ಬಾಯಿ ಬಿಡಬೇಡ. ಮಾತು ಕೊಟ್ಟಿರ್ತೀಯಾ. ನಾನೇ ಹೇಳ್ತೀನಿ ಕೇಳು. ಹೋದ ವರ್ಷ ಒಂದಿನ ಮೀನು ಸಾರು ಮಾಡಿದ್ದೆ. 'ಮೀನು ಬೇಡ, ಬೇಜಾರಾಗಿದೆ' ಅಂದ್ರು. ಮೂವತ್ತೈದು ವರ್ಷದಲ್ಲಿ ಆ ಬಾಯಿಂದ ಮೀನು ಬೇಡ ಅನ್ನೋ ಮಾತು ಬಂದಿದ್ದೇ ಇಲ್ಲ. ಮುಳ್ಳು ಕಾಣ್ತಿಲ್ಲ ಅಂತ ಅವತ್ತೇ ಗೊತ್ತಾಯ್ತು. ಆಮೇಲಿಂದ ನಾನೇ ಮುಳ್ಳು ತೆಗೆದು ಬಡಿಸ್ತೀನಿ. ಕೇಳಿದ್ರೆ, ಈಗಿನ ಮೀನಿಗೆ ಮುಳ್ಳು ಕಮ್ಮಿ ಅಂತೀನಿ. ಪಾಪ, ನಂಬ್ತಾರೆ."

"ಮತ್ತೆ ಬೀಗದ ಕೆಲಸ, ದೊಡ್ಡಮ್ಮ?"

ಅವರು ದನಿ ತಗ್ಗಿಸಿದರು. "ಊಟ ಆದ್ಮೇಲೆ ಒಂದು ಗಂಟೆ ಮಲಗ್ತಾರಲ್ಲ, ಆಗ ನಾನು ಬೀಗದ ಪೆಟ್ಟಿಗೆ ತೆಗೀತೀನಿ. ಎಲ್ಲೆಲ್ಲಿ ಅಂಚು ಒರಟಾಗಿ ಉಳಿದಿದೆಯೋ ಅಲ್ಲೆಲ್ಲ ಅರ ಹಾಕ್ತೀನಿ. ಬೀಗದ ಕೈ ಸರಿಯಾಗಿ ತಿರುಗುತ್ತಾ ನೋಡಿ ಇಡ್ತೀನಿ. ಅವರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಆ ಜೀವ ಒಡೆದುಹೋಗುತ್ತೆ."

ಹೀಗೆ ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಒಂದೇ ವಿಷಯವನ್ನು ಒಂದು ವರ್ಷ ಬಚ್ಚಿಟ್ಟಿದ್ದರು. ನಡುವೆ ಸಿಕ್ಕಿಕೊಂಡವಳು ನಾನು. ಮರುದಿನ ಕೇಂದ್ರ ಮುಚ್ಚಿದ ಮೇಲೆ ಮಧುರೆಗೆ ಕಳಿಸುವ ಚೀಟಿ ಹಿಡಿದು ಅವರ ಮನೆಗೇ ಹೋದೆ. ಇಬ್ಬರನ್ನೂ ಎದುರೆದುರು ಕೂರಿಸಿ, "ನೀವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳ್ತಿದ್ದೀರಿ. ನಾನು ಇನ್ನು ಯಾರ ಗುಟ್ಟನ್ನೂ ಕಾಯಲ್ಲ," ಎಂದುಬಿಟ್ಟೆ.

ಸವರಿಮುತ್ತು ತಲೆ ತಗ್ಗಿಸಿದರು. ಲೂರ್ದಮ್ಮಾಳ್‌ ಸೆರಗಿನ ತುದಿ ಹಿಂಡಿದರು. ಆಮೇಲೆ ಗಂಡನ ಕಡೆ ತಿರುಗಿ, "ನಾನೂ ಒಂದು ತಪ್ಪು ಮಾಡಿದೀನಿ ಕಣ್ರೀ. ನಿಮ್ಮ ಬೀಗಗಳನ್ನ..." ಎಂದು ಶುರುಮಾಡಿದರು.

"ಗೊತ್ತು," ಎಂದರು ಸವರಿಮುತ್ತು.

"ಏನು ಗೊತ್ತು?"

"ಅರ ಹಾಕ್ತೀಯಲ್ಲ, ಅದು. ನೀನು ಎಡಗೈಯವಳು. ನಿನ್ನ ಅರದ ಗೀರು ಒಂದು ಕಡೆ ಓರೆ, ನಂದು ಇನ್ನೊಂದು ಕಡೆ. ಕಣ್ಣು ಕಾಣದೆ ಇರಬಹುದು, ಹೆಬ್ಬೆರಳು ಸತ್ತಿದೆಯಾ?"

"ಎಷ್ಟು ದಿನದಿಂದ ಗೊತ್ತು?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಚೆನ್ನಾಗಿ ಹಾಕ್ತೀಯಾ."

ಲೂರ್ದಮ್ಮಾಳ್‌ ಅಳಲು ಬಾಯಿ ತೆರೆದವರು ಅಳದೆ ನನ್ನ ಕಡೆ ತಿರುಗಿ ಸಿಡುಕಿದರು: "ಕೇಳಿದೆಯಾ ಈ ಕಳ್ಳನ ಮಾತನ್ನ? ಹೋದ ವರ್ಷವೇ ಬಾಯಿ ಬಿಟ್ಟಿದ್ರೆ ಹೋದ ವರ್ಷವೇ ಆಸ್ಪತ್ರೆ!"

ಅವರು ಹೇಳಿದ್ದು ನಿಜವಾಗಿತ್ತು. ಮಧುರೆಯಲ್ಲಿ ಲೇಸರ್‌ ಕೊಟ್ಟರು, ಕಣ್ಣೊಳಗೆ ಸೂಜಿಮದ್ದು ಹಾಕಿದರು, ಬಲಗಣ್ಣಿಗೆ ಒಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಎಂಟು ತಿಂಗಳು ತಿರುಗಾಡಿದ್ದಾಯಿತು. ಬಲಗಣ್ಣು ಉಳಿಯಲಿಲ್ಲ, ಕಣ್ಣೊಳಗಿನ ಪರದೆ ಕಿತ್ತು ಬಂದುಬಿಟ್ಟಿತ್ತು. ಎಡಗಣ್ಣಿನಲ್ಲಿ ಅಂಚಿನ ನೋಟ ಉಳಿಯಿತು, ನಡುವೆ ಮಾತ್ರ ಹೊಗೆಯಂಥ ಒಂದು ಕಲೆ. ನಡೆದಾಡಬಹುದು, ಯಾರೋ ಬಂದರೆಂದು ತಿಳಿಯಬಹುದು. ಓದಲಾಗದು, ಮುಖ ಗುರುತಿಸಲಾಗದು. ಡಾಕ್ಟರ್‌ ಮೀನಲೋಚನಿ ಮುಚ್ಚುಮರೆ ಮಾಡಲಿಲ್ಲ: "ಹೋದದ್ದು ವಾಪಸ್‌ ಬರಲ್ಲ, ಅಯ್ಯಾ. ಇರೋದನ್ನ ಕಾಯೋಣ."

ಆ ಮೇಲಿನ ಕೆಲವು ವಾರ ಸವರಿಮುತ್ತು ಅರ ಮುಟ್ಟಲಿಲ್ಲ. ಹೊಸ್ತಿಲ ಮೇಲೆ ಕೂತಿರುತ್ತಿದ್ದರು. ಬೀದಿಯಲ್ಲಿ ಹೋಗುವವರು ಮಾತಾಡಿಸಿದರೆ, ಯಾರೆಂದು ಕೇಳಲು ನಾಚಿಕೊಂಡು ಸುಮ್ಮನೆ ನಗುತ್ತಿದ್ದರು. ಸಾಲ ಕೇಳಲು ಬಂದವನಿಗೂ ಸಾವಿನ ಸುದ್ದಿ ತಂದವನಿಗೂ ಒಂದೇ ನಗು. ಲೂರ್ದಮ್ಮಾಳ್‌ ನನ್ನ ಬಳಿ ಬಂದು, "ಬೈದಾದ್ರೂ ಬೈಯಲಿ ಅಂತ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಸುಮ್ನೆ ತಿಂದ್ರು," ಎಂದು ಕಣ್ಣೊರೆಸಿಕೊಂಡರು.

ಆ ಹೊತ್ತಿಗೆ ಬಂದದ್ದು ಕನ್ನಡಕ. ಚೆನ್ನೈನ ಕೆಲವು ಎಂಜಿನಿಯರುಗಳು ಮಾಡಿದ್ದು. ಚೌಕಟ್ಟಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕ್ಯಾಮೆರಾ, ಕಿವಿಯ ಪಕ್ಕ ಪುಟ್ಟ ಸ್ಪೀಕರ್‌, ಸೊಂಟಕ್ಕೆ ಸಿಕ್ಕಿಸುವ ಒಂದು ಪೆಟ್ಟಿಗೆ. ಎದುರಿಗಿದ್ದದ್ದನ್ನು ನೋಡಿ ತಮಿಳಿನಲ್ಲಿ ಹೇಳುತ್ತದೆ, ಬರಹವನ್ನು ಓದುತ್ತದೆ. ಒಮ್ಮೆ ತೋರಿಸಿ ಹೆಸರು ಹೇಳಿಕೊಟ್ಟರೆ ಆ ಮುಖವನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಬಳಸಿ ನೋಡಿ ಹೇಳಲು ಜಿಲ್ಲೆಯ ಇಪ್ಪತ್ತು ಜನರಿಗೆ ಕೊಟ್ಟರು. ನಾನು ಸವರಿಮುತ್ತು ಅವರ ಹೆಸರು ಬರೆಸಿದೆ. ವಾರಕ್ಕೊಮ್ಮೆ ಹೋಗಿ ಏನೇನಾಯಿತೆಂದು ಬರೆದುಕೊಳ್ಳುವುದು ನನ್ನ ಕೆಲಸ.

ಮೊದಲ ದಿನವೇ ರಾದ್ಧಾಂತವಾಯಿತು. ನಾನು ಕನ್ನಡಕ ತೊಡಿಸಿದೆ. ಲೂರ್ದಮ್ಮಾಳ್‌ ಕುತೂಹಲದಿಂದ ಮುಂದೆ ಬಂದು ನಿಂತರು. ಕನ್ನಡಕ ಗಂಡನ ಕಿವಿಯಲ್ಲಿ ಏನೋ ಉಸುರಿತು. ಸವರಿಮುತ್ತು, ತಿಂಗಳುಗಳ ಮೇಲೆ ಮೊದಲ ಬಾರಿಗೆ, ಗಟ್ಟಿಯಾಗಿ ನಕ್ಕರು.

"ಏನಂತ್ರೀ ಅದು?"

"ಏನಿಲ್ಲ ಬಿಡು."

"ಹೇಳ್ರೀ!"

"'ಮುಂದೆ ಒಬ್ಬ ಹೆಂಗಸು. ವಯಸ್ಸು ಸುಮಾರು ಎಪ್ಪತ್ತು' ಅಂತು."

ಲೂರ್ದಮ್ಮಾಳ್‌ ಅವರಿಗೆ ಆಗ ಐವತ್ತೆಂಟು. ಸೌಟು ಹಿಡಿದ ಕೈ ಮೇಲೇರಿತು. "ಎಪ್ಪತ್ತಾ? ಇದನ್ನ ಮಾಡಿದವನ ಅಜ್ಜಿಗೆ ಎಪ್ಪತ್ತು! ಪೂಂಗೊಡೀ, ಈ ದರಿದ್ರವನ್ನ ವಾಪಸ್‌ ತಗೊಂಡು ಹೋಗು. ಈ ಮನೇಲಿ ಒಂದೋ ಇದಿರಬೇಕು, ಇಲ್ಲ ನಾನಿರಬೇಕು."

"ಹಾಗಾದ್ರೆ ಯೋಚನೆ ಮಾಡಬೇಕು," ಎಂದರು ಸವರಿಮುತ್ತು.

ಆ ವಾರದ ಕಾಗದದಲ್ಲಿ ನಾನು 'ಬಳಕೆದಾರರು ಉತ್ಸಾಹದಿಂದಿದ್ದಾರೆ' ಎಂದು ಬರೆದೆ.

ಹೆಂಡತಿಯ ಸಿಟ್ಟಿಗೆ ಹೆದರಿ ಅವರು ಅಂದೇ ಲೂರ್ದಮ್ಮಾಳ್‌ ಮುಖವನ್ನು ಕನ್ನಡಕಕ್ಕೆ ಕಲಿಸಿದರು. ಏನು ಹೆಸರು ಹೇಳಿಕೊಟ್ಟರೆಂದು ಯಾರಿಗೂ ಹೇಳಲಿಲ್ಲ. ಹೆಂಡತಿ ಕೇಳಿದರೆ, "ಅದು ನನ್ನ, ಕನ್ನಡಕದ ನಡುವಿನ ವಿಷಯ," ಎನ್ನುತ್ತಿದ್ದರು. ಬೀದಿಯವರನ್ನೂ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕಲಿಸಿದರು. ಹೊಸ್ತಿಲ ಮೇಲಿನ ಪೆದ್ದು ನಗು ಹೋಯಿತು. ದೂರದಿಂದಲೇ ಹೆಸರು ಹಿಡಿದು ಕರೆಯತೊಡಗಿದರು. ಮಾತ್ರೆಯ ಚೀಟಿ, ಅಂಗಡಿಯವರ ಆರ್ಡರು, ಕೋಯಿಲಿನ ನೋಟೀಸು ಎಲ್ಲವನ್ನೂ ಕನ್ನಡಕ ಓದುತ್ತಿತ್ತು. ಅರವೂ ಮತ್ತೆ ಕೈಗೆ ಬಂತು. ಈಗ ಗುಟ್ಟೇನಿರಲಿಲ್ಲ, ಅವರು ಕಿಟಕಿಯ ಈ ಕಡೆ, ಹೆಂಡತಿ ಆ ಕಡೆ ಕೂತು ಕೆಲಸ ಮಾಡುತ್ತಿದ್ದರು.

ತಕರಾರುಗಳೂ ಇದ್ದವು. ಮಾವಿನಕಾಯಿಯ ಆಕಾರದ ನಮ್ಮೂರ ಬೀಗವನ್ನು ತೋರಿಸಿದರೆ ಕನ್ನಡಕ 'ಕೈಚೀಲ' ಎನ್ನುತ್ತಿತ್ತು. ಕುರಿಯನ್ನು ನಾಯಿ ಎನ್ನುತ್ತಿತ್ತು. ಮಾತು ನಿಲ್ಲಿಸಲು, ಶುರುಮಾಡಲು ಚೌಕಟ್ಟಿನ ಬದಿಯಲ್ಲಿ ಒಂದು ಕಡೆ ಮುಟ್ಟಬೇಕು. ಆದರೆ ಆ ಜಾಗ ಎಲ್ಲಿದೆ ಎಂದು ಬೆರಳಿಗೆ ಸಿಗುತ್ತಿರಲಿಲ್ಲ. ಎಲ್ಲ ಕಡೆಯೂ ಗಾಜಿನಂತೆ ನಯ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಆ ಇಪ್ಪತ್ತು ಜನರನ್ನೂ ಮಧುರೆಯ ಆಸ್ಪತ್ರೆಯಲ್ಲಿ ಸೇರಿಸಿ ಎಂಜಿನಿಯರುಗಳ ಜೊತೆ ಮಾತಾಡಿಸುವುದೆಂದು ಗೊತ್ತಾಯಿತು. ಬೆಳಿಗ್ಗೆ ಎಂಟೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಮೂವರೂ ಒಟ್ಟಿಗೆ ಹೋಗುವುದೆಂದು ಹೇಳಿಟ್ಟಿದ್ದೆ. ಅವತ್ತು ನಾನು ಬೀದಿ ತಿರುವಿನಲ್ಲಿ ಹೋಗುತ್ತಿದ್ದಾಗಲೇ ಲೂರ್ದಮ್ಮಾಳ್‌ ಓಡೋಡಿ ಎದುರಾದರು.

"ಕೋಯಿಲಿಂದ ಬರೋಷ್ಟರಲ್ಲಿ ಮನುಷ್ಯ ಇಲ್ಲ! ಕೋಲು ಇಲ್ಲ, ಕನ್ನಡಕ ಇಲ್ಲ. ಫೋನು ಮಾತ್ರ ಬೀಗದ ಪೆಟ್ಟಿಗೆ ಮೇಲೆ ಕೂತಿದೆ. ಅಯ್ಯೋ ಮಾತಾವೇ, ಒಬ್ಬರೇ ಬಸ್ಸು ಹತ್ತಿಬಿಟ್ರಾ?"

ಇಸ್ತ್ರಿ ಅಂಗಡಿಯವಳು, "ಏಳು ಗಂಟೆಗೇ ಹೋದ್ರು. ಎಲ್ಲಿಗೆ ಅಂದ್ರೆ, ಪಂಚಾಯಿತಿಗೆ ಅಂದ್ರು," ಎಂದಳು. ಎಂಜಿನಿಯರುಗಳ ಜೊತೆಗಿನ ಸಭೆಗೆ ಅವರು ಇಟ್ಟ ಹೆಸರು ಅದು.

ಮಧುರೆಯ ಬಸ್ಸಿನಲ್ಲಿ ಲೂರ್ದಮ್ಮಾಳ್‌ ದಾರಿಯುದ್ದಕ್ಕೂ ಜಪಮಣಿ ಎಣಿಸಿದರು. ಎರಡು ಮಣಿಗೆ ಒಂದು ಪ್ರಾರ್ಥನೆ, ಒಂದು ಬೈಗುಳ. "ಸಿಗಲಿ, ಕಾಲು ಮುರೀತೀನಿ. ಏನೂ ಆಗದಿರಲಿ ತಾಯೀ, ಏನೂ ಆಗದಿರಲಿ. ಮುರಿದೇ ಮುರೀತೀನಿ." ಅವರ ಮಡಿಲಲ್ಲಿ ಗಂಡನಿಗೆಂದು ಕಟ್ಟಿದ ಇಡ್ಲಿಯ ಡಬ್ಬಿ ಇತ್ತು. ಪ್ರತಿ ನಿಲ್ದಾಣದಲ್ಲೂ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಮಧುರೆಯ ಆರಪ್ಪಾಳಯಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ ಆಟೋ ಹಿಡಿದರು. ತಪ್ಪೆಲ್ಲ ನನ್ನದೇ ಎನಿಸುತ್ತಿತ್ತು. ಸವರಿಮುತ್ತು ಅವರ ಹೆಸರು ಬರೆಸಿದವಳು ನಾನಲ್ಲವೇ?

ಆಸ್ಪತ್ರೆಯ ಮೂರನೇ ಮಹಡಿಯ ಹಾಲಿನ ಬಾಗಿಲಿಗೆ ಬರುತ್ತಿದ್ದಂತೆ ಒಳಗಿನಿಂದ ಸವರಿಮುತ್ತು ಅವರ ಗಂಟಲು ಕೇಳಿಸಿತು. ಲೂರ್ದಮ್ಮಾಳ್‌ ಗೋಡೆಗೆ ಒರಗಿ ನಿಂತುಬಿಟ್ಟರು. "ಇದಾರೆ," ಎಂದರು. ಆಮೇಲೆ, "ಉಸಿರಾಡ್ತೀನಿ ತಡಿ," ಎಂದರು.

ನಾನು ಬಾಗಿಲಿನಿಂದ ಇಣುಕಿದೆ. ಉಳಿದ ಹತ್ತೊಂಬತ್ತು ಜನ ಸುತ್ತ ಕೂತಿದ್ದರು. ನಡುವಿನ ಮೇಜಿನ ಮುಂದೆ ಸವರಿಮುತ್ತು ನಿಂತಿದ್ದರು. ಅವರ ಎದುರು ಅಗಿಲನ್‌ ಎಂಬ ಎಂಜಿನಿಯರ್‌. ಮೂವತ್ತರ ಒಳಗಿನ ಹುಡುಗ, ಬೆವರುತ್ತಿದ್ದ.

"ಅಯ್ಯಾ, ಇದನ್ನ ಬಿಚ್ಚಬಾರದಾಗಿತ್ತು. ಒಳಗೆ ತುಂಬ ನಾಜೂಕು."

"ಬೀಗಕ್ಕಿಂತ ನಾಜೂಕಾ?"

ವಿಷಯ ಇಷ್ಟು. ಅಂದು ಬೆಳಿಗ್ಗೆ ಹೆಂಡತಿ ಕೋಯಿಲಿಗೆ ಹೋದ ಮೇಲೆ ಸವರಿಮುತ್ತು ಮನೆಯಲ್ಲಿ ಆ ಕನ್ನಡಕದ ಬದಿಯನ್ನು ಬಿಚ್ಚಿ, ಮುಟ್ಟಬೇಕಾದ ಜಾಗದ ಮುಂದೆಯೂ ಹಿಂದೆಯೂ ಸಾಮೆ ಕಾಳಿನಷ್ಟು ಸಣ್ಣ ಹಿತ್ತಾಳೆಯ ಮೊಳೆ ಕೂರಿಸಿಬಿಟ್ಟಿದ್ದರು. ಬೆರಳು ಚೌಕಟ್ಟಿನ ಮೇಲೆ ಜಾರುತ್ತಾ ಹೋದರೆ ಎರಡು ಮೊಳೆಯ ನಡುವೆ ತಾನಾಗಿ ನಿಲ್ಲುತ್ತಿತ್ತು.

"ತಮ್ಮಾ, ನಯವಾದ ಗೋಡೆ ಕಟ್ಟಿ, 'ಇದರಲ್ಲಿ ಎಲ್ಲೋ ಒಂದು ಬಾಗಿಲಿದೆ, ಹುಡುಕಿಕೋ' ಅಂತ ಕುರುಡನಿಗೆ ಹೇಳಿದ ಹಾಗಾಯ್ತು ನಿಮ್ಮದು. ನೋಡೋಕೆ ಚೆಂದ ಇದೆಯಂತೆ. ಯಾರು ನೋಡೋದು? ನಾವು ಇಪ್ಪತ್ತು ಜನ ನೋಡ್ತೀವಾ?"

ಹಾಲಿನಲ್ಲಿ ನಗೆ ಎದ್ದಿತು. ಹುಟ್ಟಿನಿಂದ ಕಣ್ಣು ಕಾಣದ ಶಾಲಾ ಟೀಚರೊಬ್ಬರು ಕೈ ಚಾಚಿದರು. ಕನ್ನಡಕ ಅವರ ಕೈಗೆ ಹೋಯಿತು. ಅವರು ಬೆರಳು ಆಡಿಸಿ, "ಆಹಾ! ಸಿಕ್ತು! ನನಗೂ ಇಂಥದ್ದೇ ಬೇಕು," ಎಂದರು. ಅದು ಕೈಯಿಂದ ಕೈಗೆ ಸುತ್ತಿತು. ಅಗಿಲನ್‌ ಕೂಡ ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡಿದ. ಆಮೇಲೆ ಪುಸ್ತಕ ತೆಗೆದು ಏನೋ ಬರೆದುಕೊಂಡ.

"ಒಂದು ತಪ್ಪು ನನ್ನಿಂದಲೂ ಆಗಿದೆ," ಎಂದು ಸವರಿಮುತ್ತು ಒಪ್ಪಿಕೊಂಡರು. "ಮೊಳೆ ಕೂರಿಸುವಾಗ ಯಾವುದೋ ತಂತಿಗೆ ತಗುಲ್ತು. ಆವಾಗಿನಿಂದ ಇದು ಪಿಸುಗುಟ್ಟೋದು ಬಿಟ್ಟು ಕಿರಿಚಿಕೊಳ್ತಿದೆ. ಬಸ್ಸಲ್ಲಿ ಎಲ್ಲರಿಗೂ ಊರೂರ ಹೆಸರು ಓದಿ ಹೇಳಿಕೊಂಡು ಬಂತು. ಕಂಡಕ್ಟರ್‌ಗೆ ಕೆಲಸವೇ ಉಳೀಲಿಲ್ಲ. ಅದಕ್ಕೂ ಮುಂಚೆ ನಮ್ಮೂರ ಬಸ್‌ಸ್ಟ್ಯಾಂಡಲ್ಲಿ 'ಮಧುರೈ ಮಿಲಿಟರಿ ಹೋಟೆಲ್‌' ಅಂತ ಕೂಗ್ತು, ನಾನು ಮಧುರೈ ಬಸ್ಸು ಅಂದುಕೊಂಡು ಹೋಟೆಲ್‌ ಹತ್ತೋಕೆ ಹೋದೆ."

ಮತ್ತೆ ನಗು. ಅವರು ಕನ್ನಡಕ ಹಾಕಿಕೊಂಡು ಕೈ ಎತ್ತಿದರು. "ಇನ್ನೊಂದಿದೆ. ಇದು ದೊಡ್ಡದು. ಎದುರಿಗೆ ಒಬ್ಬರು ಮಾತಾಡ್ತಿದ್ರೆ ಇದು ಸುಮ್ಮನಿರಬೇಕು. ನನ್ನ ಹೆಂಡತಿ ಮಾತಾಡುವಾಗ ಇದು ನಡುವೆ ಬಾಯಿ ಹಾಕುತ್ತೆ. ಮೂವತ್ತಾರು ವರ್ಷದಲ್ಲಿ ನಾನೇ ಆ ಧೈರ್ಯ ಮಾಡಿಲ್ಲ! ಮುಖ ಅಂತೂ ಕಾಣಲ್ಲ ನನಗೆ. ಇನ್ನು ಉಳಿದಿರೋದು ಆ ಗಂಟಲು ಒಂದೇ. ಅದನ್ನೂ ಇದು ಮುಚ್ಚಿಹಾಕಿದ್ರೆ ನನಗೆ ಅವಳಲ್ಲಿ ಏನು ಉಳೀತು, ಹೇಳಿ?"

ಈ ಸಲ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ಲೂರ್ದಮ್ಮಾಳ್‌ ಗೋಡೆ ಬಿಟ್ಟು ಮುಂದೆ ಬಂದಿದ್ದರು. ಕಾಲು ಮುರಿಯಲು ಬಂದವರು ಇಡ್ಲಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದರು. ಆಮೇಲೆ ಗಟ್ಟಿ ಮನಸ್ಸು ಮಾಡಿ ಒಳಗೆ ಕಾಲಿಟ್ಟರು. ಸವರಿಮುತ್ತು ಬಾಗಿಲಿನ ಕಡೆ ತಿರುಗಿದರು. ಅಷ್ಟೇ, ಕನ್ನಡಕ ಇಡೀ ಹಾಲಿಗೆ ಕೇಳುವಂತೆ ಕೂಗಿತು:

"ಮೇಸ್ತ್ರಿ ಬಂದರು."

ಎಲ್ಲರೂ ಬಾಗಿಲಿನ ಕಡೆ ತಿರುಗಿದರು. ಲೂರ್ದಮ್ಮಾಳ್‌ ಹಿಂದೆ ಮುಂದೆ ನೋಡಿದರು. "ಯಾರು ಮೇಸ್ತ್ರಿ?"

ಕನ್ನಡಕ ಮತ್ತೊಮ್ಮೆ ಕೂಗಿತು. ಸವರಿಮುತ್ತು ಗಡಿಬಿಡಿಯಿಂದ ಹಿತ್ತಾಳೆಯ ಮೊಳೆ ಹುಡುಕಿ ಅದರ ಬಾಯಿ ಮುಚ್ಚಿಸಿದರು. ಅವರ ಕಿವಿ ಕೆಂಪಗಾಗಿತ್ತು.

"ನನ್ನನ್ನಾ? ಮೂರು ತಿಂಗಳಿಂದ ಇದು ನನ್ನನ್ನ ಹೀಗೆ ಕರೀತಿತ್ತಾ?"

"ಮತ್ತೇನಂತ ಕರೀಲಿ? ಬೀಗ ಮಾಡೋ ಮನೇಲಿ ಕೊನೇಗೆ ಕೈಗೆ ತಗೊಂಡು 'ಹೂಂ, ಸರಿ ಇದೆ, ಹೋಗಲಿ' ಅನ್ನೋರು ಮೇಸ್ತ್ರಿ. ನಮ್ಮನೇಲಿ ಅದನ್ನ ಹೇಳ್ತಿರೋದು ಯಾರು?"

ಲೂರ್ದಮ್ಮಾಳ್‌ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೀದಾ ಹೋಗಿ ಗಂಡನ ಮುಂದೆ ಡಬ್ಬಿ ಕುಕ್ಕಿದರು. "ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಸಕ್ಕರೆ ಇಳಿದು ಬಿದ್ದಿದ್ರೆ? ತಿನ್ನಿ ಮೊದಲು." ಅಷ್ಟು ಜನರ ನಡುವೆಯೇ ಸವರಿಮುತ್ತು ಕೂತು ಇಡ್ಲಿ ತಿಂದರು. ಅಗಿಲನ್‌ ನೀರು ತಂದುಕೊಟ್ಟ. ಲೂರ್ದಮ್ಮಾಳ್‌ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀನೇ ಏನಪ್ಪಾ ಇದನ್ನ ಮಾಡಿದ್ದು? ಒಬ್ಬ ಹೆಂಗಸಿನ ವಯಸ್ಸು ಹೇಳೋಕೆ ಮುಂಚೆ ಹತ್ತು ಸಲ ಯೋಚನೆ ಮಾಡಬೇಕು ಅಂತ ನಿಮ್ಮ ಕಾಲೇಜಲ್ಲಿ ಕಲಿಸಲಿಲ್ವಾ?" ಎಂದರು. ಅವನು ಅದನ್ನೂ ಬರೆದುಕೊಂಡ.

ಮರಳುವಾಗ ಬಸ್ಸಿನಲ್ಲಿ ಇಬ್ಬರೂ ಮುಂದಿನ ಸೀಟಿನಲ್ಲಿ ಕೂತಿದ್ದರು. ಒಬ್ಬರೇ ಯಾಕೆ ಹೋದಿರಿ ಎಂದು ಲೂರ್ದಮ್ಮಾಳ್‌ ಕೇಳಿದ್ದು, "ಆಗುತ್ತೋ ಇಲ್ವೋ ನೋಡೋಣ ಅಂತ," ಎಂದು ಅವರು ಹೇಳಿದ್ದು, "ಆಯ್ತಲ್ಲ, ಇನ್ನು ಸಾಕು," ಎಂದು ಇವರು ಹೇಳಿದ್ದು ಇಷ್ಟು ನನಗೆ ಕೇಳಿಸಿತು. ವಾಡಿಪಟ್ಟಿ ದಾಟುವ ಹೊತ್ತಿಗೆ ಇಬ್ಬರೂ ನಿದ್ದೆ ಹೋಗಿದ್ದರು.

ಮುಂದಿನ ವರ್ಷ ಹೊಸ ಕನ್ನಡಕಗಳು ಬಂದವು. ಬದಿಯಲ್ಲಿ ಬೆರಳಿಗೆ ಸಿಗುವ ಎರಡು ಉಬ್ಬು ಇದ್ದವು. ಎದುರಿಗಿದ್ದವರು ಮಾತಾಡಿದರೆ ಕನ್ನಡಕ ತಾನಾಗಿ ತೆಪ್ಪಗಾಗುತ್ತಿತ್ತು. ಯಾರ ವಯಸ್ಸನ್ನೂ ಅದು ಹೇಳುತ್ತಿರಲಿಲ್ಲ. ಕುರಿಯನ್ನು ಮಾತ್ರ ಈಗಲೂ ನಾಯಿ ಎನ್ನುತ್ತದೆ. ಸವರಿಮುತ್ತು ಅವರ ಎಡಗಣ್ಣು ಇದ್ದಷ್ಟೇ ಇದೆ. ಮೂರು ತಿಂಗಳಿಗೊಮ್ಮೆ ತೋರಿಸುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ, ಕಾಫಿಗೆ ಸಕ್ಕರೆ ಇಲ್ಲ. ಮುಖ ಮಾತ್ರ ಈಗಲೂ ಬೇವಿನ ಕಷಾಯದ್ದೇ.

ಗುರುವಾರ ಗುರುವಾರ ಅವರು ನಮ್ಮ ಕೇಂದ್ರದ ಬೆಂಚಿನ ಮೇಲೆ ಬಂದು ಕೂರುತ್ತಾರೆ. ನಾನು ಕರೆದದ್ದಲ್ಲ. ಯಂತ್ರ ಕೆಂಪು ತೋರಿಸಿದವರು ಹೊರಗೆ ಬಂದು, ಆಮೇಲೆ ನೋಡಿದರಾಯಿತು ಎಂದು ಮನೆ ಕಡೆ ಹೊರಡುವುದನ್ನು ಅವರು ಬಲ್ಲರು. ಹೋದ ವಾರ ಪಾಂಡ್ಯರಾಜನ್‌ ಎಂಬ ಬಾಳೆಮಂಡಿಯ ಯಜಮಾನ ಹಾಗೇ ಹೊರಟಿದ್ದರು.

"ಹೆಂಡ್ತಿಗೆ ಹೇಳಿದ್ರೆ ಸುಮ್ನೆ ಗಾಬರಿ ಆಗ್ತಾಳೆ. ಹಬ್ಬ ಕಳೀಲಿ, ಅಣ್ಣಾ," ಎಂದರು.

ಸವರಿಮುತ್ತು ಅವರ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಾನೂ ಹೀಗೇ ಅಂದುಕೊಂಡು ಒಂದು ವರ್ಷ ಮುಚ್ಚಿಟ್ಟೆ, ತಮ್ಮಾ. ಒಂದು ಕಣ್ಣು ಅದಕ್ಕೇ ಹೋಯ್ತು. ನಿಮ್ಮನೆಯವಳಿಗೆ ಈಗಾಗಲೇ ಗೊತ್ತಿದೆ, ಬೇಕಾದ್ರೆ ಹೋಗಿ ಕೇಳು. ಇವತ್ತೇ ಮಧುರೆ ಬಸ್ಸು ಹತ್ತು."

ಪಾಂಡ್ಯರಾಜನ್‌ ಫೋನು ಮಾಡಿ ಹೆಂಡತಿಯನ್ನು ಕರೆಸಿದರು. ಅವರು ಬರುವಷ್ಟರಲ್ಲಿ ಲೂರ್ದಮ್ಮಾಳ್‌ ಹುಳಿಯನ್ನದ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಅವರೂ ಸವರಿಮುತ್ತುವೂ ಸೇರಿ ಆ ಗಂಡ ಹೆಂಡತಿಯನ್ನು ಬಸ್‌ಸ್ಟಾಪಿನ ತನಕ ಕರೆದೊಯ್ದು ಮಧುರೆಯ ಬಸ್ಸು ಹತ್ತಿಸಿದರು. ನಾನು ಕೇಂದ್ರದ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಸ್ಸು ಹೊರಟಾಗ ಸವರಿಮುತ್ತು ಎದುರಿಗಿದ್ದ ಹಾಲಿನ ಲಾರಿಗೆ ಉತ್ಸಾಹದಿಂದ ಕೈ ಬೀಸತೊಡಗಿದರು. ಲೂರ್ದಮ್ಮಾಳ್‌ ಅವರ ಮೊಣಕೈ ಹಿಡಿದು ಮೆಲ್ಲನೆ ಬಸ್ಸಿನ ಕಡೆ ತಿರುಗಿಸಿದರು, ತಾವೂ ಕೈ ಬೀಸಿದರು.